ಬದುಕು ಬೇರೆ, ಕುರ್ಚಿ ಬೇರೆ

ಹೋದ ವರ್ಷ ಒಂದು ದಿನ ಬೆಳಗಿನ ಜಾವ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಬಂತು. ಗೇಟಿನ ಸೆಕ್ಯುರಿಟಿಯವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದರು. ಏರ್‌ಪೋರ್ಟಿನಿಂದ ಬಂದವರೊಬ್ಬರು ಕಾರಿನಿಂದ ಇಳಿಯದೆ ಅದನ್ನು ತೆಗೆದಿದ್ದರು. ಹಾರ್ನ್ ಹೊಡೆದರೂ ಏಳಲಿಲ್ಲ ಅಂತ ಕೆಳಗೆ ಬರೆದಿದ್ದರು. ನಾನು ಕಾಫಿ ಕುಡಿದು ಫೋನ್ ನೋಡುವಷ್ಟರಲ್ಲಿ ಮಾತು ಎಲ್ಲೆಲ್ಲೋ ಹೋಗಿತ್ತು. ನಮ್ಮ ಮಕ್ಕಳಿಗೆ ಏನಾದರೂ ಆದರೆ ಯಾರು ಹೊಣೆ ಅಂತ ಒಬ್ಬರು. ಇವರೆಲ್ಲ ಡ್ಯೂಟಿಗೆ ಬರುವುದೇ ಮಲಗೋಕೆ ಅಂತ ಇನ್ನೊಬ್ಬರು. ಯಾರೋ ಅವರ ಮುಖದ ಸುತ್ತ ಕೆಂಪು ಗೆರೆ ಎಳೆದು ಅಕ್ಕಪಕ್ಕದ ಅಪಾರ್ಟ್‌ಮೆಂಟುಗಳ ಗ್ರೂಪಿಗೂ ಕಳಿಸಿದ್ದರು, ಇವರನ್ನು ನೀವೂ ಇಟ್ಟುಕೊಳ್ಳಬೇಡಿ ಅಂತ. ಮಧ್ಯಾಹ್ನದ ಹೊತ್ತಿಗೆ ಏಜೆನ್ಸಿಯಿಂದ ಉತ್ತರ ಬಂತು. ತೆಗೆದುಹಾಕಿದ್ದೇವೆ.

ಸಂಜೆ ಮೆಟ್ಟಿಲು ಒರೆಸುವ ಅಕ್ಕ ಹೇಳಿದರು: "ನೈಟ್ ಡ್ಯೂಟಿಯವ್ನು ಬರ್ಲೇ ಇಲ್ಲ ಮೇಡಂ. ಹಿಂದಿನ ದಿನ ಬೆಳಿಗ್ಗೆಯಿಂದ ಅವ್ರೇ ನಿಂತಿದ್ರು." ನಾನು ಅದನ್ನು ಗ್ರೂಪಿನಲ್ಲಿ ಬರೆದೆ. ಒಬ್ಬಿಬ್ಬರು ಪಾಪ ಅಂದರು. ಆಮೇಲೆ ಮಾತು ನೀರಿನ ಟ್ಯಾಂಕರಿನ ಕಡೆ ತಿರುಗಿತು. ಅವರ ಹೆಸರು ಏನು ಅಂತ ಕೇಳಿದರೆ ಗ್ರೂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಏಜೆನ್ಸಿಗೆ ಫೋನ್ ಮಾಡಿದರೆ ಊರಿಗೆ ಹೋದ್ರು ಅಂದರು, ಅಷ್ಟೇ.

ಗೇಟು ಕಾಯುವವರು ಮಲಗಿದ್ದು ತಪ್ಪಲ್ಲ ಅಂತ ನಾನು ಹೇಳುತ್ತಿಲ್ಲ. ತಪ್ಪೇ. ಆದರೆ ಆ ತಪ್ಪಿಗೆ ಎಷ್ಟು ಶಿಕ್ಷೆ, ಅದನ್ನು ಅಳೆದವರು ಯಾರು, ಎಷ್ಟು ದಿನದ ಮಟ್ಟಿಗೆ, ಇದ್ಯಾವುದೂ ಕೇಳುವ ಮೊದಲೇ ಒಬ್ಬರ ಅನ್ನ ಹೋಯಿತಲ್ಲ, ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಇನ್ನೂ ಒಂದು ವಿಷಯ. ಇದಕ್ಕೆ ಸ್ವಲ್ಪ ದಿನ ಮುಂಚೆ ದೊಡ್ಡ ಹೆಸರಿನವರೊಬ್ಬರ ವಿಷಯ ಬಂದಾಗ ಇದೇ ಗ್ರೂಪಿನಲ್ಲಿ ಇದೇ ಜನ "ಎಲ್ಲರೂ ಮನುಷ್ಯರೇ ಅಲ್ವಾ, ಇನ್ನೊಂದು ಅವಕಾಶ ಕೊಡಬೇಕು" ಅಂತ ಬರೆದಿದ್ದರು. ಅವರು ಕೆಟ್ಟವರಲ್ಲ. ಹಬ್ಬಕ್ಕೆ ಮನೆಮನೆಗೆ ಎಳ್ಳುಬೆಲ್ಲ ಕೊಟ್ಟು ಬರುವ ಜನ. ಹಾಗಿದ್ದೂ ಹೀಗೇಕೆ ಆಗುತ್ತೆ?

ಕ್ಯಾನ್ಸಲ್ ಮಾಡುವುದು, ಅಂದರೆ ತಪ್ಪು ಮಾಡಿದವರನ್ನು ಎಲ್ಲರೂ ಸೇರಿ ಹೊರಗಿಡುವುದು ಸರಿಯಾ, ಎರಡನೇ ಅವಕಾಶ ಕೊಡಬೇಕಾ ಅಂತ ಕೇಳಿದರೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ನನಗೆ ಹೇಳಲು ಆಗುವುದಿಲ್ಲ. ಯಾಕೆಂದರೆ ಅವಕಾಶ ಅಂದಾಗ ನಾವು ಎರಡು ಬೇರೆಬೇರೆ ವಿಷಯಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತೇವೆ. ಮತ್ತೆ ದುಡಿದು ತಿನ್ನುವ ಅವಕಾಶ ಒಂದು. ಮೊದಲು ಕೂತಿದ್ದ ಕುರ್ಚಿಯಲ್ಲೇ ಮತ್ತೆ ಕೂರುವ ಅವಕಾಶ ಇನ್ನೊಂದು. ಇದನ್ನು ನಾನು ಕಲಿತದ್ದು ನಮ್ಮೂರಿನ ಹಾಲಿನ ಡೇರಿಯಲ್ಲಿ.

ನಮ್ಮೂರಿನ ಡೇರಿ

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮಪ್ಪ ಡೇರಿಯ ಡೈರೆಕ್ಟರುಗಳಲ್ಲಿ ಒಬ್ಬರಾಗಿದ್ದರು. ಸೆಕ್ರೆಟರಿ ನಮಗೆ ದೂರದ ನಂಟರು, ನಾನು ಮಾವ ಅಂತ ಕರೆಯುತ್ತಿದ್ದೆ. ಬಹಳ ಚುರುಕು. ಬೆಳಿಗ್ಗೆ ಐದೂವರೆಗೆಲ್ಲ ಬಾಗಿಲು ತೆಗೆದು, ಕ್ಯಾನು ತೊಳೆಸಿ, ಮಾಪು ಜೋಡಿಸಿ ಇಟ್ಟಿರುತ್ತಿದ್ದರು. ಯಾರ ಹಸು ಯಾವಾಗ ಕರು ಹಾಕಿತು, ಯಾರ ಮನೆ ಹಾಲಿಗೆ ಎಷ್ಟು ಫ್ಯಾಟು ಬರುತ್ತೆ, ಎಲ್ಲ ಬಾಯಲ್ಲೇ ಇರುತ್ತಿತ್ತು. ಒಂದು ಸಲ ಬಟವಾಡೆ ತಡವಾಯಿತು. ಒಕ್ಕೂಟದಿಂದ ದುಡ್ಡು ಬಂದಿಲ್ಲ ಅಂದರು. ಇನ್ನೊಂದು ಸಲವೂ ತಡವಾಯಿತು. ಆಮೇಲೆ ಆಡಿಟ್‌ನವರು ಬಂದರು. ದುಡ್ಡು ಬಂದಿತ್ತು. ಅದನ್ನು ಮಾವ ತಮ್ಮ ತೋಟದ ಬೋರ್‌ವೆಲ್ಲಿಗೆ ಹಾಕಿದ್ದರು. ತಿರುಗಿ ಕಟ್ಟುವ ಯೋಚನೆ ಇತ್ತಂತೆ. ಬೋರಿನಲ್ಲಿ ನೀರು ಬರಲಿಲ್ಲ.

ದೇವಸ್ಥಾನದ ಮುಂದೆ ಊರೆಲ್ಲ ಸೇರಿತು. ನಾವು ಮಕ್ಕಳು ಜಗಲಿ ಕಟ್ಟೆಯ ಮೇಲೆ ಹತ್ತಿ ಕೂತಿದ್ದೆವು. ಮಾವ ಕಂಬಕ್ಕೆ ಒರಗಿ ನಿಂತಿದ್ದರು, ತಲೆ ಎತ್ತಿರಲಿಲ್ಲ. ಹುಡುಗರು ಪೊಲೀಸ್ ಕಂಪ್ಲೇಂಟ್ ಕೊಡಿ ಅಂದರು. ಇವರ ಮನೆಗೆ ಯಾರೂ ಕೂಲಿಗೆ ಹೋಗಬಾರದು, ಇವರ ಹಾಲನ್ನೂ ಡೇರಿಗೆ ತಗೋಬಾರದು ಅಂತ ಒಬ್ಬರು ಎದ್ದು ಹೇಳಿದರು. ತುಂಬಾ ಜನ ಅದಕ್ಕೆ ಹೂಂ ಅಂದರು. ನನ್ನ ಜೀವ ಬಾಯಿಗೆ ಬಂದಿತ್ತು, ಯಾಕೆಂದರೆ ಮಾವನ ಮಗಳು ನನ್ನ ಕ್ಲಾಸಿನಲ್ಲೇ ಇದ್ದಳು ಮತ್ತು ಅವತ್ತು ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು.

ಆಗ ಹಿಂದಿನ ಬೀದಿಯ ಅಜ್ಜಿಯೊಬ್ಬರು ಮುಂದೆ ಬಂದರು. ಗಂಡ ಇಲ್ಲ, ಇದ್ದದ್ದು ಒಂದೇ ಹಸು. ಊರಿನಲ್ಲಿ ಎಲ್ಲರಿಗಿಂತ ಜಾಸ್ತಿ ಪೆಟ್ಟು ಬಿದ್ದದ್ದು ಅವರಿಗೇ. ಅವರು ಜನರ ಕಡೆ ನೋಡಲೇ ಇಲ್ಲ. ನೇರ ಮಾವನನ್ನು ಕೇಳಿದರು: "ನನ್ ದುಡ್ಡು ಯಾವಾಗ ಕೊಡ್ತೀಯಪ್ಪ, ಅದ್ಹೇಳು ಮೊದ್ಲು. ನಿನ್ನ ಪೊಲೀಸ್ರು ಎಳ್ಕೊಂಡೋದ್ರೆ ನನ್ ಹಸಕ್ಕೆ ಹಿಂಡಿ ಯಾರ್ ತಂದ್ಕೊಡ್ತಾರೆ?" ಅಲ್ಲಿಯವರೆಗೆ ಮಾವನಿಗೆ ಏನು ಮಾಡಬೇಕು ಅಂತ ಎಲ್ಲರೂ ಮಾತಾಡುತ್ತಿದ್ದರು. ಅಜ್ಜಿ ತಮಗೆ ಏನು ಬೇಕು ಅಂತ ಹೇಳಿದರು. ಆಮೇಲೆ ಮಾತಿನ ದಾರಿಯೇ ಬದಲಾಯಿತು.

ಕೊನೆಗೆ ಆದ ತೀರ್ಮಾನ ಹೀಗಿತ್ತು. ಸೆಕ್ರೆಟರಿ ಕೆಲಸ ಅವತ್ತಿಗೇ ಹೋಯಿತು. ಮಾವ ಡೇರಿಗೆ ಹಾಲು ಹಾಕಬಹುದು, ಆದರೆ ಅವರ ಬಟವಾಡೆ ಅವರ ಕೈಗೆ ಬರಲ್ಲ. ಸಾಲ ತೀರುವವರೆಗೂ ಅದು ಪಾಲಾಗಬೇಕು, ಮೊದಲ ಪಾಲು ಚಿಕ್ಕ ರೈತರಿಗೆ. ಇಡೀ ದುಡ್ಡು ತೀರಿದ ಮೇಲೆ ಈ ಮಾತನ್ನು ಯಾರೂ ಎತ್ತಬಾರದು. ಇನ್ನೊಂದು ಮಾತನ್ನು ನಮ್ಮಪ್ಪನೇ ಸೇರಿಸಿದರು: ಇನ್ನು ಮುಂದೆ ಅವರು ಕ್ಯಾಷ್ ಪುಸ್ತಕ ಮುಟ್ಟುವಂತಿಲ್ಲ, ಎಷ್ಟು ವರ್ಷ ಕಳೆದರೂ ಇಲ್ಲ.

ದುಡ್ಡು ತೀರಲು ವರ್ಷಗಳೇ ಹಿಡಿದವು. ತೀರಿದ ಮೇಲೆ ಒಂದು ಬೇಸಿಗೆಯಲ್ಲಿ ಫ್ಯಾಟ್ ಟೆಸ್ಟ್ ಮಾಡುವ ಹುಡುಗ ಬೆಂಗಳೂರಿಗೆ ಹೋದ, ಬೇರೆ ಯಾರಿಗೂ ಆ ಮಷೀನು ಬರುತ್ತಿರಲಿಲ್ಲ. ಡೈರೆಕ್ಟರುಗಳು ಮಾವನನ್ನು ಕರೆದರು. ಅವರು ಬಂದು ಕೂತರು, ಸಾಯುವವರೆಗೂ ಅದೇ ಕೆಲಸ ಮಾಡಿದರು. ದುಡ್ಡಿನ ಮೇಜು ಪಕ್ಕದಲ್ಲೇ ಇತ್ತು, ಅಲ್ಲಿ ಬೇರೆಯವರು ಕೂರುತ್ತಿದ್ದರು. ಅದನ್ನು ಮಾವ ಯಾವತ್ತೂ ಅವಮಾನ ಅಂದುಕೊಂಡಂತೆ ಕಾಣಲಿಲ್ಲ. ಅವರ ಮಗಳ ಮದುವೆಗೆ ಆ ಅಜ್ಜಿ ಹೋಗಿದ್ದರು. ಆದರೆ ಮಾವನನ್ನು ಕ್ಷಮಿಸಿದೆ ಅಂತ ಅವರು ಯಾರ ಹತ್ತಿರವೂ ಹೇಳಿದ್ದು ನಾನು ಕೇಳಿಲ್ಲ. ಹೇಳಲೇಬೇಕು ಅಂತ ಯಾರೂ ಅವರನ್ನು ಬಲವಂತ ಮಾಡಲಿಲ್ಲ ಅನ್ನುವುದು ನನಗೆ ಈಗ ಬಹಳ ದೊಡ್ಡದಾಗಿ ಕಾಣುತ್ತೆ.

ಹಳ್ಳಿಯ ನ್ಯಾಯ ಚೆನ್ನ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಮಾವನಿಗೆ ಜಾತಿಯ ಬಲ ಇತ್ತು, ನಂಟರಿದ್ದರು, ಡೈರೆಕ್ಟರುಗಳಲ್ಲಿ ನಮ್ಮಪ್ಪನೇ ಇದ್ದರು. ಅದೇ ತಪ್ಪನ್ನು ಕೇರಿಯವರು ಯಾರಾದರೂ ಮಾಡಿದ್ದರೆ ಊರು ಅಷ್ಟು ತಾಳ್ಮೆ ತೋರಿಸುತ್ತಿತ್ತಾ? ನನಗೆ ನಂಬಿಕೆ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಒಬ್ಬ ದಲಿತ ಹುಡುಗ ದೇವರ ಮೆರವಣಿಗೆಯ ಕೋಲನ್ನು ಮುಟ್ಟಿದ. ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು, ಕಟ್ಟದಿದ್ದರೆ ಊರು ಬಿಡಿ ಅಂದರು. ಅಲ್ಲಿ ತಪ್ಪು ಅನ್ನುವುದೇ ಇರಲಿಲ್ಲ. ಬಹಿಷ್ಕಾರ ನಮಗೆ ಇಂಟರ್ನೆಟ್ಟಿನಿಂದ ಬಂದ ಹೊಸ ವಿದ್ಯೆ ಅಲ್ಲ. ಯಾರನ್ನು ಹೊರಗಿಡಬೇಕು, ಯಾರನ್ನು ಒಳಗೆ ಕರೆದುಕೊಳ್ಳಬೇಕು ಅನ್ನುವುದನ್ನು ಬಲ ಇದ್ದವರೇ ತೀರ್ಮಾನಿಸಿಕೊಂಡು ಬಂದ ನಾಡು ಇದು.

2011ರ ಸೆಪ್ಟೆಂಬರ್

ಈ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಕನ್ನಡ ಚಿತ್ರರಂಗದ 2011ರ ಒಂದು ಪ್ರಕರಣ. ನಟ ದರ್ಶನ್ ಹೆಂಡತಿಗೆ ಹೊಡೆದರು ಅಂತ ದೂರು ದಾಖಲಾಗಿ ಅವರ ಬಂಧನವಾಯಿತು. ನಿರ್ಮಾಪಕರ ಸಂಘ ಸಭೆ ಸೇರಿತು. ಸೇರಿ ಮಾಡಿದ್ದೇನು? ನಟಿ ನಿಕಿತಾ ಅವರಿಗೆ ಮೂರು ವರ್ಷ ನಿಷೇಧ ಹಾಕಿತು. ಆ ಸಂಸಾರದ ಜಗಳಕ್ಕೆ ಆಕೆ ಕಾರಣ ಅಂತ. ಆಕೆಯನ್ನು ಕರೆದು ಒಂದು ಮಾತು ಕೇಳಿರಲಿಲ್ಲ. ಜೈಲಿನಲ್ಲಿದ್ದವರಿಗೆ ಯಾವ ನಿಷೇಧವೂ ಇರಲಿಲ್ಲ. ಜನರಿಂದ, ಚಿತ್ರರಂಗದ ಒಳಗಿನಿಂದಲೂ ವಿರೋಧ ಬಂದ ಮೇಲೆ ಕೆಲವೇ ದಿನಗಳಲ್ಲಿ ಸಂಘ ನಿಷೇಧವನ್ನು ಹಿಂದಕ್ಕೆ ತೆಗೆದುಕೊಂಡಿತು. ಅಷ್ಟರಲ್ಲಿ ಆಕೆಯ ಹೆಸರು ಪ್ರತಿ ಮನೆಯ ಟಿವಿಯಲ್ಲೂ ಬಂದಾಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರಲ್ಲ, ಇಲ್ಲಂತೂ ಆ ಅಡಿಕೆಯೂ ಆಕೆಯ ಕೈಯಿಂದ ಬಿದ್ದದ್ದಲ್ಲ.

ಅದೇ ತಿಂಗಳ ಕೊನೆಗೆ, ದರ್ಶನ್ ಇನ್ನೂ ಜೈಲಿನಲ್ಲಿದ್ದಾಗಲೇ ಅವರ ಸಿನಿಮಾ ಬಿಡುಗಡೆಯಾಯಿತು. ಭಾರಿ ಗೆದ್ದಿತು. ಹೆಂಡತಿ ದೂರಿನ ಮಾತನ್ನು ಬದಲಿಸಿದರು, ರಾಜಿಯಾಯಿತು. ಅಭಿಮಾನಿಗಳು ಎರಡನೇ ಅವಕಾಶ ಕೊಟ್ಟರು ಅಂತಲೂ ಹೇಳಲಾಗದು, ಯಾಕೆಂದರೆ ಮೊದಲನೆಯದನ್ನು ಅವರು ಯಾವತ್ತೂ ಕಿತ್ತುಕೊಂಡಿರಲೇ ಇಲ್ಲ. ಕುರ್ಚಿ ಹಾಗೇ ಇತ್ತು. ತಪ್ಪು ಒಪ್ಪಿಕೊಂಡಿರಾ, ಏನು ಬದಲಾಗಿದೆ, ಯಾರಿಗೆ ಏನು ಕೊಡಬೇಕು ಅಂತ ಯಾರೂ ಕೇಳಲಿಲ್ಲ. 2024ರಲ್ಲಿ ಆದದ್ದು ಎಲ್ಲರಿಗೂ ಗೊತ್ತು. ಆ ಪ್ರಕರಣ ಕೋರ್ಟಿನಲ್ಲಿದೆ, ಅದಕ್ಕೆ ತೀರ್ಪು ಹೇಳುವುದು ನನ್ನ ಕೆಲಸ ಅಲ್ಲ. ನನ್ನ ಪ್ರಶ್ನೆ 2011ರ ಬಗ್ಗೆ, ನಮ್ಮ ಬಗ್ಗೆ. ಅವತ್ತು ನಾವು ಕೊಟ್ಟದ್ದು ಕ್ಷಮೆಯೂ ಅಲ್ಲ, ಅವಕಾಶವೂ ಅಲ್ಲ. ಏನೂ ಆಗಿಲ್ಲ ಅನ್ನುವಂತೆ ಮುಖ ತಿರುಗಿಸಿಕೊಂಡೆವು. ತಪ್ಪು ಮಾಡಿದವರಿಗೂ ಅದರಿಂದ ಒಳ್ಳೆಯದಾಗುವುದಿಲ್ಲ ಅಂತ ನನಗೆ ಅನಿಸುತ್ತೆ. ನಿಂತು ನೋಡಿಕೊಳ್ಳಲು ಅವರಿಗೂ ಒಂದು ಜಾಗ ಬೇಕು. ಜೈಕಾರದ ನಡುವೆ ಅದು ಸಿಗುವುದಿಲ್ಲ.

ಒಂದು ಕಡೆ ಮೂರು ವರ್ಷ ನಿಷೇಧ, ಇನ್ನೊಂದು ಕಡೆ ಮೆರವಣಿಗೆ. ಒಂದು ಕಡೆ ಗೇಟಿನ ನಿದ್ದೆಗೆ ಊರು ಬಿಟ್ಟು ಹೋಗಬೇಕಾದ ಮನುಷ್ಯ. ನಮ್ಮಲ್ಲಿ ಕ್ಯಾನ್ಸಲ್ ಕಲ್ಚರ್ ಜಾಸ್ತಿಯಾಗಿದೆ ಅಂತ ಚಿಂತೆ ಮಾಡುವವರನ್ನು ಕಂಡರೆ ನನಗೆ ಕೇಳಬೇಕು ಅನಿಸುತ್ತೆ: ಯಾರಿಗೆ ಜಾಸ್ತಿಯಾಗಿದೆ?

ದಂಡ ಯಾರ ಕೈಗೆ ಹೋಯಿತು

ಇನ್ನು ನಮ್ಮ ಕೆ.ಎಲ್. ರಾಹುಲ್ ವಿಷಯಕ್ಕೆ ಬರೋಣ. 2019ರ ಜನವರಿಯಲ್ಲಿ ಅವರೂ ಹಾರ್ದಿಕ್ ಪಾಂಡ್ಯ ಅವರೂ ಟಿವಿ ಕಾರ್ಯಕ್ರಮವೊಂದರಲ್ಲಿ ಹೆಣ್ಣುಮಕ್ಕಳ ಬಗ್ಗೆ ಹಗುರವಾಗಿ ಮಾತಾಡಿದರು. ಜಾಸ್ತಿ ಮಾತು ಪಾಂಡ್ಯ ಅವರದು, ರಾಹುಲ್ ಜೊತೆಗಿದ್ದರು. ಬಿಸಿಸಿಐ ಇಬ್ಬರನ್ನೂ ಅಮಾನತು ಮಾಡಿ ಆಸ್ಟ್ರೇಲಿಯಾದಿಂದ ಮನೆಗೆ ಕಳಿಸಿತು. ಎರಡು ವಾರದೊಳಗೆ ಅಮಾನತು ಹೋಯಿತು. ಏಪ್ರಿಲಿನಲ್ಲಿ ಕ್ರಿಕೆಟ್ ಮಂಡಳಿಯ ದೂರುಗಳನ್ನು ವಿಚಾರಿಸುವ ಒಂಬುಡ್ಸ್‌ಮನ್ ಆಗಿದ್ದ ನ್ಯಾಯಮೂರ್ತಿ ಡಿ.ಕೆ. ಜೈನ್ ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು. ಅದರಲ್ಲಿ ಅರ್ಧ ಕರ್ತವ್ಯದಲ್ಲಿ ಸತ್ತ ಅರೆಸೇನಾ ಪಡೆಯ ಹತ್ತು ಪೇದೆಗಳ ಕುಟುಂಬಕ್ಕೆ, ಉಳಿದದ್ದು ಅಂಧರ ಕ್ರಿಕೆಟ್ಟಿಗೆ.

ನನಗೆ ಅವರ ಅಮಾನತು ಸರಿ ಅನಿಸಿತ್ತು, ಅದು ಬೇಗ ಮುಗಿದದ್ದೂ ಸರಿ ಅನಿಸಿತ್ತು. ಮಾತಿನ ತಪ್ಪಿಗೆ ಆಟವನ್ನೇ ಕಳೆಯುವುದು ಅತಿಯಾಗುತ್ತಿತ್ತು. ಆ ಇಂಟರ್‌ವ್ಯೂ ತನ್ನನ್ನು ಪೂರ್ತಿ ಬದಲಿಸಿತು, ಸ್ಕೂಲಿನಲ್ಲೂ ಒಂದು ಸಲವೂ ಸಸ್ಪೆಂಡ್ ಆದವನಲ್ಲ ಅಂತ ರಾಹುಲ್ 2024ರಲ್ಲಿ ಒಂದು ಪಾಡ್‌ಕಾಸ್ಟಿನಲ್ಲಿ ಹೇಳಿಕೊಂಡರು. ಸುರತ್ಕಲ್ಲಿನ ಕಾಲೇಜು ಕ್ಯಾಂಪಸ್ಸಿನಲ್ಲಿ ಮೇಷ್ಟ್ರ ಮಗನಾಗಿ ಬೆಳೆದ ಹುಡುಗನಿಗೆ ಅದು ಎಷ್ಟು ಚುಚ್ಚಿರಬಹುದು ಅಂತ ನಾನು ಊಹಿಸಬಲ್ಲೆ. ಆದರೆ ಆ ದಂಡದ ಲೆಕ್ಕ ನೋಡಿ. ಪೇದೆಗಳ ಕುಟುಂಬಕ್ಕೆ ನೆರವು ಸಿಕ್ಕಿದ್ದು ಒಳ್ಳೆಯದೇ, ಅಂಧ ಆಟಗಾರರಿಗೆ ಸಿಕ್ಕಿದ್ದೂ ಒಳ್ಳೆಯದೇ. ಮಾತು ತಾಗಿದ್ದು ಮಾತ್ರ ಹೆಣ್ಣುಮಕ್ಕಳಿಗೆ. ಆ ಇಡೀ ಪ್ರಕರಣದಲ್ಲಿ ಅವರನ್ನು ಯಾರೂ ಏನೂ ಕೇಳಲಿಲ್ಲ. ದೇವಸ್ಥಾನದ ಮುಂದೆ ಅಜ್ಜಿ ಮುಂದೆ ಬಂದು ನಿಂತರಲ್ಲ, ಆ ಜಾಗ ಇಲ್ಲಿ ಖಾಲಿಯಾಗಿಯೇ ಉಳಿಯಿತು.

ಕ್ರಿಕೆಟ್ಟಿನಲ್ಲೇ ಡೇರಿಯ ತೀರ್ಮಾನಕ್ಕೆ ಹತ್ತಿರದ್ದೂ ಒಂದಿದೆ. 2018ರ ಮಾರ್ಚ್, ಕೇಪ್‌ಟೌನ್. ಚೆಂಡಿಗೆ ಉಪ್ಪುಕಾಗದ ಉಜ್ಜಿದ್ದಕ್ಕೆ ಆಸ್ಟ್ರೇಲಿಯಾದ ಕ್ರಿಕೆಟ್ ಮಂಡಳಿ ಸ್ಟೀವ್ ಸ್ಮಿತ್ ಮತ್ತು ಡೇವಿಡ್ ವಾರ್ನರ್ ಅವರನ್ನು 12 ತಿಂಗಳು, ಬ್ಯಾಂಕ್ರಾಫ್ಟ್ ಅವರನ್ನು 9 ತಿಂಗಳು ಹೊರಗಿಟ್ಟಿತು. ಅದಕ್ಕೆ ಇನ್ನೊಂದು ಷರತ್ತೂ ಇತ್ತು. ಸ್ಮಿತ್ ವಾಪಸ್ ಬಂದ ಮೇಲೂ ಇನ್ನೂ 12 ತಿಂಗಳು ನಾಯಕತ್ವದ ಮಾತಿಲ್ಲ. ಇದಕ್ಕೆಲ್ಲ ಮುಖ್ಯ ಕಾರಣ ಅಂತ ಕಂಡುಬಂದ ವಾರ್ನರ್‌ಗೆ ನಾಯಕತ್ವ ಯಾವತ್ತಿಗೂ ಇಲ್ಲ. ಅಂದರೆ ಆಡಬಹುದು, ಆಳುವಂತಿಲ್ಲ. ಬ್ಯಾಟು ವಾಪಸ್ ಕೊಟ್ಟರು, ಕುರ್ಚಿ ಕೊಡಲಿಲ್ಲ. ಸ್ಮಿತ್ 2021ರ ಡಿಸೆಂಬರಿನಲ್ಲಿ ಅಡಿಲೇಡಿನಲ್ಲಿ ಒಂದು ಟೆಸ್ಟಿಗೆ ಮತ್ತೆ ನಾಯಕರಾದರು. ವಾರ್ನರ್ ಮೇಲಿನ ನಿಷೇಧ 2024ರ ಅಕ್ಟೋಬರಿನಲ್ಲಿ ಹೋಯಿತು, ಮೂವರ ಸಮಿತಿ ಅವರ ನಡತೆ ಎಲ್ಲ ನೋಡಿ ತೆಗೆದ ಮೇಲೆ. ಅಷ್ಟರಲ್ಲಿ ಅವರು ದೇಶಕ್ಕೆ ಆಡುವುದನ್ನೇ ನಿಲ್ಲಿಸಿದ್ದರು.

2019ರ ಜೂನಿನಲ್ಲಿ ಓವಲ್ ಮೈದಾನದಲ್ಲಿ ನಮ್ಮ ಅಭಿಮಾನಿಗಳು ಸ್ಮಿತ್ ಅವರನ್ನು ಹೀಯಾಳಿಸಿದಾಗ ಕೊಹ್ಲಿ ಆ ಅಭಿಮಾನಿಗಳ ಕಡೆ ತಿರುಗಿ ಚಪ್ಪಾಳೆ ಹೊಡೆಯಿರಿ ಅಂತ ಕೈಸನ್ನೆ ಮಾಡಿದರು. ನನಗೆ ಅದು ಬಹಳ ಇಷ್ಟವಾದ ಗಳಿಗೆ. ಅವರು ತಪ್ಪನ್ನು ಮರೆಯಿರಿ ಅನ್ನಲಿಲ್ಲ. ಒಬ್ಬ ಮನುಷ್ಯ ಹೇಳಿದಷ್ಟು ಶಿಕ್ಷೆ ಅನುಭವಿಸಿ ಬಂದಿದ್ದಾನೆ, ಅದಕ್ಕಿಂತ ಒಂದು ಗುಲಗಂಜಿಯಷ್ಟೂ ಜಾಸ್ತಿ ಕೊಡುವ ಹಕ್ಕು ಗ್ಯಾಲರಿಯಲ್ಲಿ ಕೂತವರಿಗೆ ಇಲ್ಲ.

ಬೇರೆ ದಾರಿ ಇಲ್ಲದವರು

ಇಷ್ಟು ಓದಿದ ಮೇಲೆ, ಹಾಗಾದರೆ ಬಹಿರಂಗವಾಗಿ ಹೆಸರು ಹೇಳುವುದೇ ತಪ್ಪಾ ಅಂತ ಯಾರಾದರೂ ಕೇಳಬಹುದು. ಅಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು ನಾನು. 2018ರ ಅಕ್ಟೋಬರಿನಲ್ಲಿ ಹೆಣ್ಣುಮಕ್ಕಳು ತಮಗಾದ ಲೈಂಗಿಕ ಕಿರುಕುಳದ ಬಗ್ಗೆ ಬಹಿರಂಗವಾಗಿ ಹೇಳಿಕೊಂಡ ಮೀ ಟೂ ನಮ್ಮಲ್ಲಿ ಶುರುವಾದಾಗ, ಇವರೆಲ್ಲ ಪೊಲೀಸರ ಹತ್ತಿರ ಯಾಕೆ ಹೋಗಲಿಲ್ಲ, ಇಷ್ಟು ವರ್ಷ ಸುಮ್ನೆ ಯಾಕಿದ್ದರು ಅಂತ ಕೇಳಿದವರು ನಮ್ಮ ಮನೆಗಳಲ್ಲೇ ಇದ್ದರು. ಎಲ್ಲಿಗೆ ಹೋಗಬೇಕಿತ್ತು? ಆಫೀಸಿನಲ್ಲಿ ದೂರು ಕೇಳುವವನೇ ದೂರಿಗೆ ಕಾರಣವಾದವನಾಗಿದ್ದ ಕಾಲ ಅದು. ಪತ್ರಕರ್ತೆ ಪ್ರಿಯಾ ರಮಾನಿ ಅವರು ಎಂ.ಜೆ. ಅಕ್ಬರ್ ಬಗ್ಗೆ ಹೇಳಿದಾಗ ಅಕ್ಬರ್ ಕೇಂದ್ರ ಸಚಿವರು. ರಾಜೀನಾಮೆ ಕೊಟ್ಟರು, ಆದರೆ ಮಾನನಷ್ಟದ ಕೇಸೂ ಹಾಕಿದರು. ಅಂದರೆ ಮಾತಾಡಿದ ಹೆಣ್ಣುಮಗಳೇ ಆರೋಪಿಯಾಗಿ ಕೋರ್ಟಿನಲ್ಲಿ ನಿಲ್ಲಬೇಕಾಯಿತು. 2021ರ ಫೆಬ್ರುವರಿ 17ರಂದು ದೆಹಲಿಯ ಕೋರ್ಟು ಅವರನ್ನು ಬಿಡುಗಡೆ ಮಾಡಿತು. ಹೆಣ್ಣು ತನ್ನ ನೋವನ್ನು ತನಗೆ ಬೇಕಾದ ವೇದಿಕೆಯಲ್ಲಿ ಹೇಳಬಹುದು, ದಶಕಗಳು ಕಳೆದ ಮೇಲೂ ಹೇಳಬಹುದು ಅಂತ ಆ ತೀರ್ಪಿನಲ್ಲಿದೆ. ಬಾಗಿಲುಗಳೆಲ್ಲ ಮುಚ್ಚಿರುವಾಗ ಬೀದಿಯಲ್ಲಿ ನಿಂತು ಕೂಗುವುದೊಂದೇ ಉಳಿದಿರುತ್ತೆ. ಹಾಗೆ ಕೂಗಿದವರನ್ನೂ ನಿದ್ದೆ ಮಾಡಿದ ಸೆಕ್ಯುರಿಟಿಯ ವಿಡಿಯೊ ಹಂಚಿದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಎಲ್ಲವೂ ಕ್ಯಾನ್ಸಲ್ ಕಲ್ಚರ್ ಅಂದುಬಿಡುವುದು ದೊಡ್ಡ ಅನ್ಯಾಯ. ಅಲ್ಲಿ ಕೂಗಿದವರು ಕೆಳಗಿನಿಂದ ಮೇಲಕ್ಕೆ ನೋಡಿ ಕೂಗಿದರು. ನಮ್ಮ ಗ್ರೂಪಿನಲ್ಲಿ ಮೇಲೆ ಕೂತವರೇ ಕೆಳಗೆ ನಿಂತವರನ್ನು ನೂಕಿದರು.

ಹಾಗೆ ಕಿರುಕುಳ ಕೊಟ್ಟವರಿಗೆ ಎರಡನೇ ಅವಕಾಶ ಬೇಡವಾ ಅಂದರೆ, ಊಟಕ್ಕೆ, ದುಡಿಮೆಗೆ, ಬರೆಯುವುದಕ್ಕೆ, ನಾಲ್ಕು ಜನರ ಜೊತೆ ಕೂರುವುದಕ್ಕೆ ಬೇಕು. ಹೆಣ್ಣುಮಕ್ಕಳ ಕೆಲಸ, ಪ್ರಮೋಷನ್ನು, ಪಾತ್ರ ಇವೆಲ್ಲ ಅವರ ಕೈಯಲ್ಲಿ ಇರುವಂಥ ಜಾಗಕ್ಕೆ ಬೇಡ. ಯಾವ ಅಧಿಕಾರವನ್ನು ಕೆಟ್ಟದಾಗಿ ಬಳಸಿದರೋ ಅದೇ ಅಧಿಕಾರ ವಾಪಸ್ ಕೊಡುವುದು ಕರುಣೆ ಅಲ್ಲ. ಅಷ್ಟು ವರ್ಷ ದುಡಿದವರನ್ನು ಹೀಗೆ ಮೂಲೆಗೆ ಕೂರಿಸುವುದಾ ಅಂತ ನೊಂದುಕೊಳ್ಳುವ ಅವರ ಗೆಳೆಯರಿಗೆ ನನ್ನದೊಂದು ಮಾತಿದೆ. ಕ್ಷಮಿಸಬೇಕಾದವರು ನೀವಲ್ಲ. ನಿಮಗೆ ಏನೂ ಆಗಿಲ್ಲ.

ಎಲ್ಲಿಗೆ ಮುಗಿಯುತ್ತೆ

ಶಿಕ್ಷೆಗೆ ಒಂದು ಕೊನೆ ಬೇಕು. ಕೋರ್ಟುಗಳ ಬಗ್ಗೆ ನಮಗೆ ನೂರು ದೂರುಗಳಿರಬಹುದು, ಆದರೆ ಈ ಒಂದು ವಿಷಯವನ್ನು ಅವು ಚೆನ್ನಾಗಿ ಯೋಚಿಸಿವೆ. ಕ್ರಿಕೆಟಿಗ ಶ್ರೀಶಾಂತ್ ಅವರಿಗೆ 2013ರ ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಪ್ರಕರಣದಲ್ಲಿ ಬಿಸಿಸಿಐ ಜೀವನವಿಡೀ ನಿಷೇಧ ಹಾಕಿತ್ತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ತಪ್ಪಿನ ಬಗ್ಗೆ ಮಂಡಳಿ ಹೇಳಿದ್ದನ್ನು ಉಳಿಸಿಕೊಂಡೇ, ಶಿಕ್ಷೆ ಎಷ್ಟಿರಬೇಕು ಅನ್ನುವುದನ್ನು ಮತ್ತೆ ನೋಡಿ ಅಂತ ಹೇಳಿತು. ಅದು ಏಳು ವರ್ಷಕ್ಕೆ ಇಳಿಯಿತು, 2020ರ ಸೆಪ್ಟೆಂಬರಿಗೆ ಮುಗಿಯಿತು. ಮರುವರ್ಷ ಜನವರಿಯಲ್ಲಿ 37ರ ವಯಸ್ಸಿನಲ್ಲಿ ಅವರು ಮತ್ತೆ ಕೇರಳಕ್ಕೆ ಬೌಲ್ ಮಾಡಿದರು. ದೇಶಕ್ಕೆ ಆಡುವ ವಯಸ್ಸು ಮುಗಿದಿತ್ತು. ಆದರೂ ಚೆಂಡು ಕೈಗೆ ಬಂತು.

ಜನರ ಸಿಟ್ಟಿಗೆ ಅಂಥ ತಾರೀಕು ಇಲ್ಲ. 2017ರಲ್ಲಿ ಬಾಹುಬಲಿಯ ಎರಡನೇ ಭಾಗ ಕರ್ನಾಟಕದಲ್ಲಿ ಬಿಡುಗಡೆಯಾಗಬಾರದು ಅಂತ ಹೋರಾಟ ನಡೆಯಿತು, ನಟ ಸತ್ಯರಾಜ್ 2008ರಲ್ಲಿ ಕನ್ನಡಿಗರ ಬಗ್ಗೆ ಆಡಿದ್ದ ಮಾತಿಗೆ. ಆ ಮಾತು ನನಗೂ ನೋವು ಕೊಟ್ಟಿತ್ತು. ಆದರೆ ನಡುವಿನ ಒಂಬತ್ತು ವರ್ಷದಲ್ಲಿ ಅವರ ಎಷ್ಟೋ ಸಿನಿಮಾಗಳು ಇಲ್ಲಿ ಬಂದಿದ್ದವು, 2015ರಲ್ಲಿ ಮೊದಲ ಭಾಗವೂ ಬಂದಿತ್ತು. ಕೊನೆಗೆ ಅವರು ವಿಷಾದ ಹೇಳಿದರು, ಹೋರಾಟ ನಿಂತಿತು, ಏಪ್ರಿಲ್ 28ಕ್ಕೆ ಸಿನಿಮಾ ಬಂತು. ಅದರಲ್ಲಿ ನನಗೆ ಒಂದು ಸಮಾಧಾನ ಇದೆ. ಏನು ಮಾಡಿದರೆ ಮುಗಿಯುತ್ತೆ ಅಂತ ಹೋರಾಟಗಾರರು ಮೊದಲೇ ಹೇಳಿದ್ದರು, ಅದು ಆದ ಮೇಲೆ ಮುಗಿಸಿದರು. ಫೋನಿನೊಳಗಿನ ಸಿಟ್ಟಿಗೆ ಹಾಗೆ ಮುಗಿಸುವವರು ಯಾರೂ ಇಲ್ಲ. ಕ್ಷಮೆ ಕೇಳಿದರೆ ನಾಟಕ ಅಂತಾರೆ. ಕೇಳದಿದ್ದರೆ ಸೊಕ್ಕು. ಸುಮ್ಮನಿದ್ದರೆ ತಪ್ಪಿಸಿಕೊಂಡರು ಅಂತಾರೆ.

ನಮ್ಮ ಹೈಕೋರ್ಟಿನ ಇನ್ನೊಂದು ಆದೇಶ ಜಾಸ್ತಿ ಜನರಿಗೆ ಗೊತ್ತಿಲ್ಲ. 2017ರ ಜನವರಿಯಲ್ಲಿ ಒಬ್ಬ ತಂದೆ ತಮ್ಮ ಮಗಳ ಪರವಾಗಿ ಕರ್ನಾಟಕ ಹೈಕೋರ್ಟಿಗೆ ಹೋಗಿದ್ದರು. ಹಿಂದಿನ ಕೇಸೊಂದರ ಆದೇಶದಲ್ಲಿ ಆಕೆಯ ಹೆಸರಿತ್ತು, ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಅದು ಸಿಕ್ಕಿ ಆಕೆಯ ಸಂಸಾರಕ್ಕೂ ಹೆಸರಿಗೂ ಧಕ್ಕೆ ಆಗುತ್ತೆ ಅನ್ನುವುದು ಅವರ ಭಯ. ಹುಡುಕಿದಾಗ ಹೆಸರು ಕಾಣದ ಹಾಗೆ ಮಾಡಿ ಅಂತ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಆದೇಶ ಮಾಡಿದರು. ಹೆಣ್ಣುಮಕ್ಕಳಿಗೆ ಸಂಬಂಧಿಸಿದ ಸೂಕ್ಷ್ಮ ಪ್ರಕರಣಗಳಲ್ಲಿ ಮರೆಯಲ್ಪಡುವ ಹಕ್ಕಿಗೆ ಮಾನ್ಯತೆ ಕೊಟ್ಟ ನಮ್ಮ ದೇಶದ ಮೊದಮೊದಲ ಆದೇಶಗಳಲ್ಲಿ ಅದೂ ಒಂದು. ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಮುಂದೆ ಹೋಗಿದೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ, ತೀರಾ ಘೋರ ಅಪರಾಧಗಳನ್ನು ಬಿಟ್ಟರೆ, ತಪ್ಪು ಮಾಡಿದ ಮಗುವಿನ ದಾಖಲೆಯನ್ನು ಒಂದು ಅವಧಿ ಆದ ಮೇಲೆ ನಾಶ ಮಾಡಬೇಕು. ಮಗು ಮುಂದೆ ಓದುವುದಕ್ಕೆ, ಕೆಲಸಕ್ಕೆ ಸೇರುವುದಕ್ಕೆ ಅದು ಅಡ್ಡ ಬರಬಾರದು ಅನ್ನುವುದು ಅದರ ಆಸೆ.

ಒಂಬತ್ತನೇ ಕ್ಲಾಸಿನ ಹುಡುಗ

ಕಾನೂನಿನ ಮಾತು ನಾನು ಹುಡುಕಿ ಓದಿದ್ದಕ್ಕೆ ಒಂದು ಕಾರಣ ಇದೆ. ನನ್ನ ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಕಳೆದ ತಿಂಗಳು ಅವಳ ಕ್ಲಾಸಿನ ಹುಡುಗನೊಬ್ಬ ಒಬ್ಬಳು ಹುಡುಗಿಯ ಫೋಟೊ ಕದ್ದು, ಅವಳ ಬಣ್ಣವನ್ನು ಆಡಿಕೊಳ್ಳುವ ಸ್ಟಿಕರ್‌ಗಳನ್ನು ಮಾಡಿ ಕ್ಲಾಸಿನ ಗ್ರೂಪಿಗೆ ಹಾಕಿದ. ಆ ಹುಡುಗಿ ನಾಲ್ಕು ದಿನ ಶಾಲೆಗೆ ಬರಲಿಲ್ಲ. ವಿಷಯ ತಂದೆತಾಯಿಗಳ ಗ್ರೂಪಿಗೆ ಬಂತು. ಅವನ ಹೆಸರು, ಮನೆ ಇರುವ ರಸ್ತೆ, ಅಪ್ಪ ಎಲ್ಲಿ ಕೆಲಸ ಮಾಡುತ್ತಾರೆ, ಎಲ್ಲ ಬಂತು. ಟಿಸಿ ಕೊಟ್ಟು ಕಳಿಸಿ ಅಂತ ಎಲ್ಲರದೂ ಒಂದೇ ಪಟ್ಟು. ಬೇರೆ ಶಾಲೆಯವರಿಗೂ ಗೊತ್ತಾಗಬೇಕು ಅಂತ ಕೆಲವರು ಆ ಸ್ಕ್ರೀನ್‌ಶಾಟುಗಳನ್ನು ಹೊರಗೂ ಕಳಿಸಿದರು. ಆ ಸ್ಕ್ರೀನ್‌ಶಾಟಿನಲ್ಲಿ ಹುಡುಗಿಯ ಮುಖವೂ ಇತ್ತು ಅನ್ನುವುದು ಯಾರಿಗೂ ಹೊಳೆದಿರಲಿಲ್ಲ.

ಮೀಟಿಂಗಿಗೆ ಅಕ್ಕನ ಬದಲು ನಾನು ಹೋಗಿದ್ದೆ. ಎಲ್ಲರೂ ಮಾತಾಡಿ ಮುಗಿಸುವ ಹೊತ್ತಿಗೆ, ಆ ಹುಡುಗಿಯನ್ನು ಯಾರಾದರೂ ಕೇಳಿದಿರಾ, ಅವಳಿಗೇನು ಬೇಕಂತೆ ಅಂತ ನಾನು ಕೇಳಿದೆ. ಅವಳ ಅಮ್ಮ ಅಲ್ಲೇ ಇದ್ದರು. ಅವರು ನಿಧಾನವಾಗಿ ಹೇಳಿದರು: "ಸ್ಟಿಕರ್ ಎಲ್ಲರ ಫೋನಿಂದಲೂ ಹೋಗಬೇಕಂತೆ. ತಾನೇ ಮಾಡಿದ್ದು, ಅದು ತಪ್ಪು ಅಂತ ಅವನು ಕ್ಲಾಸಲ್ಲಿ ಎಲ್ಲರ ಮುಂದೆ ಹೇಳಬೇಕಂತೆ. ಅವನು ಅವಳ ಸೆಕ್ಷನ್ನಲ್ಲಿ ಇರಬಾರದಂತೆ." ಟಿಸಿ ಅವಳು ಕೇಳಿರಲೇ ಇಲ್ಲ. ಶಾಲೆಯವರು ಆ ಮೂರನ್ನೂ ಮಾಡಿದರು. ಜೊತೆಗೆ ಹುಡುಗನನ್ನು ಕ್ಲಾಸ್ ಲೀಡರ್ ಸ್ಥಾನದಿಂದ ತೆಗೆದರು, ಅದು ನನಗೆ ಸರಿ ಅನಿಸಿತು. ಶಾಲೆಯಿಂದ ತೆಗೆಯಲಿಲ್ಲ, ಅದೂ ಸರಿ. ಕೆಲವು ಅಪ್ಪ ಅಮ್ಮಂದಿರಿಗೆ ಇದು ಸಾಲದು ಅಂತ ಈಗಲೂ ಸಿಟ್ಟಿದೆ. ನಿಮ್ಮ ಮಗಳಾಗಿದ್ದರೆ ಗೊತ್ತಾಗ್ತಿತ್ತು ಅಂತ ನನಗೇ ಅಂದರು. ಆ ಮಾತಿಗೆ ನನ್ನ ಹತ್ತಿರ ಜಗಳ ಇಲ್ಲ. ನನ್ನ ಮಗಳಾಗಿದ್ದರೆ ನಾನು ಟಿಸಿಗಿಂತ ಜಾಸ್ತಿ ಕೇಳುತ್ತಿದ್ದೆನೋ ಏನೋ. ಅದಕ್ಕೇ ಅಂಥ ಹೊತ್ತಿನಲ್ಲಿ ತೀರ್ಮಾನ ನನ್ನ ಕೈಯಲ್ಲಿ ಇರಬಾರದು, ನನ್ನ ಮಗಳಿಗೆ ಏನು ಬೇಕು ಅಂತ ಕೇಳುವ ಇನ್ನೊಬ್ಬರು ಅಲ್ಲಿರಬೇಕು.

ಸ್ಟಿಕರ್ ಮಕ್ಕಳ ಫೋನಿನಿಂದ ಹೋಗಿದೆ. ದೊಡ್ಡವರ ಫೋನಿನಲ್ಲಿ ಸ್ಕ್ರೀನ್‌ಶಾಟುಗಳು ಇನ್ನೂ ಇವೆ, ಅವಳ ಮುಖದ ಸಮೇತ, ಅವನ ಹೆಸರಿನ ಸಮೇತ. ಇಬ್ಬರೂ ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಬರೆಯುತ್ತಾರೆ. ದಯವಿಟ್ಟು ಅಳಿಸಿ ಅಂತ ಗ್ರೂಪಿನಲ್ಲಿ ಬರೆದಿದ್ದೇನೆ. ಕೆಲವರು ಅಳಿಸಿದೆವು ಅಂದರು, ಕೆಲವರು ನೋಡಿ ಸುಮ್ಮನಿದ್ದಾರೆ. ಅವರಿಗೆ ಈ ವಾರ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೇನೆ.